ಕೊಲೊಕ್ವಿಯಂನಿಂದ ವೈವಾವರೆಗೆ: ಇತಿಹಾಸದ ಸಂಶೋಧಕರಿಗೊಂದು ಸಮಗ್ರ ಮಾರ್ಗದರ್ಶಿ

ಇತಿಹಾಸದಲ್ಲಿ ಪಿಎಚ್‌.ಡಿ. ಮುಗಿಸಿದವರನ್ನು ಅವರ ಮೌಖಿಕ ಪರೀಕ್ಷೆಯ ಬಗ್ಗೆ, ‘ವೈವಾ ಹೇಗಾಯ್ತು?’ ಅಂತ ಕೇಳಿ ನೋಡಿ. ‘ಚೆನ್ನಾಗಾಯ್ತು, ಎಕ್ಸ್‌ಟರ್ನಲ್ ಪರೀಕ್ಷಕರು ಒಳ್ಳೆಯವರು, ಜಾಸ್ತಿ ಏನೂ ಕೇಳಲಿಲ್ಲ’ ಅನ್ನುತ್ತಾರೆ. ಜಾಸ್ತಿ ಕೇಳದಿದ್ದರೆ ಅದೇ ಒಳ್ಳೆಯ ವೈವಾ ಅನ್ನುವ ನಂಬಿಕೆ ನಮ್ಮ ವಿಭಾಗಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ವರ್ಷಗಟ್ಟಲೆ ಪತ್ರಾಗಾರದಲ್ಲಿ ಕೂತು, ಶಾಸನ ಓದಿ, ಊರೂರು ತಿರುಗಿ ಪ್ರಬಂಧ ಬರೆದಿರುತ್ತೀರಿ. ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ ಹೊರಗಿನವರೊಬ್ಬರು ನಿಮ್ಮೆದುರು ಕೂತು ಮಾತಾಡುವುದು ಬಹುಶಃ ಆ ಒಂದೇ ದಿನ. ಅದನ್ನೂ ಹೇಗೋ ದಾಟಿಸಿಬಿಟ್ಟರೆ ನಷ್ಟ ನಮಗೇ ಅಲ್ವಾ?

ಇತಿಹಾಸದ ವೈವಾದಲ್ಲಿ ಕೇಳುವ ಪ್ರಶ್ನೆಗಳು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ‘ಇದು ನಿಮಗೆ ಹೇಗೆ ಗೊತ್ತು?’ ಏನಾಯಿತು ಅನ್ನುವ ಕಥೆ ಪರೀಕ್ಷಕರಿಗೆ ನಿಮ್ಮಷ್ಟೇ ಗೊತ್ತಿರಬಹುದು. ಆ ಕಥೆಯನ್ನು ಯಾವ ಆಧಾರದ ಮೇಲೆ ಕಟ್ಟಿದಿರಿ, ಆ ಆಧಾರ ಎಷ್ಟು ಭಾರ ಹೊರುತ್ತದೆ, ಎಲ್ಲಿ ಬಿರುಕಿದೆ ಅನ್ನುವುದನ್ನು ಹೇಳಬೇಕಾದವರು ನೀವು. ಕೆಳಗಿನ ಹಂತಗಳೆಲ್ಲ ಈ ಒಂದು ಪ್ರಶ್ನೆಗೆ ಮಾಡುವ ತಯಾರಿಯೇ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಕಾಲ್ಪನಿಕ ಪ್ರಬಂಧವನ್ನು ಎದುರಿಗೆ ಇಟ್ಟುಕೊಳ್ಳೋಣ. ವಿಷಯ, 1876–78ರಲ್ಲಿ ಹಳೇ ಮೈಸೂರು ಸೀಮೆಯನ್ನು ಹಿಂಡಿದ ಬರಗಾಲ. ಜನರ ಬಾಯಲ್ಲಿ ಅದು ಧಾತು–ಈಶ್ವರ ಬರ (ಧಾತು, ಈಶ್ವರ ಆ ಎರಡು ವರ್ಷಗಳ ಸಂವತ್ಸರದ ಹೆಸರು). ಬರ ನಿಜ, ದಾಖಲೆಗಳೂ ನಿಜ. ಪ್ರಬಂಧ ಬರೆದ ಸಂಶೋಧಕಿ ಮಾತ್ರ ನಮ್ಮ ಕಲ್ಪನೆ.

ಹಂತ 1: ದಾರಿ ಎಲ್ಲಿಂದ ಎಲ್ಲಿಗೆ ಅಂತ ತಿಳಿದಿರಲಿ

ಈಗ ನಡೆಯುತ್ತಿರುವುದು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ಪಿಎಚ್‌.ಡಿ. ನಿಯಮಾವಳಿ. ಅದರ ಪ್ರಕಾರ ಕೋರ್ಸ್ ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ 2 ವರ್ಷದ ರಿಯಾಯಿತಿ ಇದೆ. ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಮಂಡಿಸಬೇಕು. ಪ್ರಬಂಧ ಸಲ್ಲಿಸುವ ಮುಂಚೆ ಅದೇ ಸಮಿತಿಯ ಮುಂದೆ, ವಿಭಾಗದ ಅಧ್ಯಾಪಕರಿಗೂ ಇತರ ಸಂಶೋಧಕರಿಗೂ ಮುಕ್ತವಾಗಿ ಒಂದು ಮಂಡನೆ ಇರುತ್ತದೆ. ನಾವೆಲ್ಲ ಕೊಲೊಕ್ವಿಯಂ ಅನ್ನುವುದು ಇದಕ್ಕೇ.

ಸಲ್ಲಿಸಿದ ಮೇಲೆ ಗೈಡ್ ಅಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಪ್ರಬಂಧ ಓದುತ್ತಾರೆ. ಇವರು ಅದೇ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವವರಾಗಿರಬಾರದು. ಇಬ್ಬರಲ್ಲಿ ಒಬ್ಬರು ಬೇಡ ಅಂದರೆ ಪ್ರಬಂಧ ಇನ್ನೊಬ್ಬ ಪರೀಕ್ಷಕರ ಹತ್ತಿರ ಹೋಗುತ್ತದೆ. ಅವರು ಒಪ್ಪಿದರೆ ಮಾತ್ರ ವೈವಾ. ವೈವಾ ಮಂಡಳಿಯಲ್ಲಿ ಗೈಡ್ ಮತ್ತು ಹೊರಗಿನ ಪರೀಕ್ಷಕರಲ್ಲಿ ಕನಿಷ್ಠ ಒಬ್ಬರು ಇರಬೇಕು. ಆನ್‌ಲೈನ್‌ನಲ್ಲಿ ನಡೆಸಲೂ ಅವಕಾಶ ಇದೆ. ಸಲ್ಲಿಕೆಯಿಂದ ವೈವಾ ಫಲಿತಾಂಶದವರೆಗೆ 6 ತಿಂಗಳಲ್ಲಿ ಮುಗಿಸಬೇಕು ಅನ್ನುವುದು ನಿಯಮ. ಪಿಎಚ್‌.ಡಿ. ಸೆಕ್ಷನ್ನಿನ ಮೆಟ್ಟಿಲು ಹತ್ತಿ ಇಳಿದವರಿಗೆ ಈ ವಾಕ್ಯ ಓದಿದರೆ ನಗು ಬರಬಹುದು. ಆದರೂ ನಿಯಮ ಇದೆ ಅನ್ನುವುದು ಗೊತ್ತಿದ್ದರೆ ಲಿಖಿತವಾಗಿ ಕೇಳುವುದಕ್ಕೆ ಒಂದು ಬಲ.

ಇದು ದೇಶಕ್ಕೆಲ್ಲ ಹಾಕಿದ ಚೌಕಟ್ಟು. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಪಿಎಚ್‌.ಡಿ. ನಿಯಮ ಮಾಡಿಕೊಂಡಿರುತ್ತದೆ. ಪ್ರತಿ ಎಷ್ಟು, ಶುಲ್ಕ ಎಷ್ಟು, ಲೇಖನ ಪ್ರಕಟವಾಗಿರಬೇಕೇ ಬೇಡವೇ ಅನ್ನುವುದೆಲ್ಲ ಅದರಲ್ಲಿ. 2022ರ ಯುಜಿಸಿ ನಿಯಮದಲ್ಲಿ ಲೇಖನ ಪ್ರಕಟಣೆಯ ಕಡ್ಡಾಯ ಇಲ್ಲ, ಆದರೆ ಕೆಲವು ಕಡೆ ಸ್ಥಳೀಯ ನಿಯಮ ಕೇಳಬಹುದು. ಸೀನಿಯರ್ ಹೇಳಿದ್ದನ್ನು ನಂಬಬೇಡಿ. ಅವರು ನೋಂದಾಯಿಸಿದ ವರ್ಷದ ನಿಯಮ ಬೇರೆ ಇರಬಹುದು.

ಹಂತ 2: ಅಧ್ಯಾಯಗಳ ಪಟ್ಟಿ ಬಿಡಿ, ವಾದ ಹಿಡಿಯಿರಿ

ನಮ್ಮ ಬಹುತೇಕ ಮಂಡನೆಗಳು ಹೀಗೆ ಶುರುವಾಗುತ್ತವೆ: ‘ಈ ಮಹಾಪ್ರಬಂಧದಲ್ಲಿ ಒಟ್ಟು ಏಳು ಅಧ್ಯಾಯಗಳಿದ್ದು, ಮೊದಲನೇ ಅಧ್ಯಾಯವು ಪೀಠಿಕೆಯಾಗಿದ್ದು...’ ಹತ್ತು ನಿಮಿಷ ಕಳೆದರೂ ಮೂರನೇ ಅಧ್ಯಾಯ ದಾಟಿರುವುದಿಲ್ಲ. ಹಿಂದಿನ ಸಾಲಿನವರು ಫೋನ್ ತೆಗೆದಿರುತ್ತಾರೆ. ‘ಸ್ವಲ್ಪ ಬೇಗ ಮುಗಿಸಿ’ ಅಂತ ಚೇರ್‌ಮನ್ ಹೇಳುವ ಹೊತ್ತಿಗೆ ಪ್ರಬಂಧದ ನಿಜವಾದ ಕೆಲಸ ಇರುವ ನಾಲ್ಕು, ಐದನೇ ಅಧ್ಯಾಯ ಬಾಕಿ. ಕೊನೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಓದಿ ಧನ್ಯವಾದ.

ಅಧ್ಯಾಯಗಳ ಪಟ್ಟಿ ಪರೀಕ್ಷಕರ ಕೈಯಲ್ಲೇ ಇದೆ. ಅವರಿಗೆ ಬೇಕಿರುವುದು ನಿಮ್ಮ ವಾದ. ಹಾಗಾಗಿ ಸ್ಲೈಡ್ ಮಾಡಲು ಕೂರುವ ಮುಂಚೆ ಒಂದು ಬಿಳಿ ಹಾಳೆ ತೆಗೆದುಕೊಂಡು ಮೂರು ವಾಕ್ಯ ಬರೆಯಿರಿ. ಇಲ್ಲಿಯವರೆಗೆ ಈ ವಿಷಯದ ಬಗ್ಗೆ ಏನು ಹೇಳಿದ್ದಾರೆ? ನಾನು ಏನು ಹೇಳುತ್ತಿದ್ದೇನೆ? ಯಾವುದನ್ನು ನೋಡಿ ಹೇಳುತ್ತಿದ್ದೇನೆ?

ನಮ್ಮ ಬರಗಾಲದ ಸಂಶೋಧಕಿ ಹೀಗೆ ಬರೆದುಕೊಂಡಳು ಅನ್ನಿ: ‘ಮಳೆ ಕೈಕೊಟ್ಟಿತು, ಪರಿಹಾರ ತಡವಾಯಿತು, ಅದಕ್ಕೆ ಜನ ಸತ್ತರು ಅಂತ ಇಲ್ಲಿಯವರೆಗಿನ ಬರಹಗಳು ಹೇಳುತ್ತವೆ. ಪರಿಹಾರ ಎಷ್ಟು ತಡವಾಯಿತು ಅನ್ನುವಷ್ಟೇ ಅದು ಎಲ್ಲಿ ಸಿಕ್ಕಿತು ಅನ್ನುವುದೂ ಮುಖ್ಯ ಅನ್ನುವುದು ನನ್ನ ವಾದ: ರಸ್ತೆಗೂ ಪೇಟೆಗೂ ನಡೆದು ಬರಲಾಗದವರು ಪರಿಹಾರದಿಂದ ಹೊರಗೆ ಉಳಿದರು. ಇದಕ್ಕೆ ಆಧಾರ, ತಾಲ್ಲೂಕುವಾರು ಜನಗಣತಿ ಮತ್ತು ಪರಿಹಾರ ಕಾಮಗಾರಿಗಳ ದಾಖಲೆ.’

ಇಷ್ಟು ಸ್ಪಷ್ಟವಾದರೆ ಉಳಿದದ್ದು ಸಲೀಸು. ಈ ಮೂರು ವಾಕ್ಯಕ್ಕೆ ಹೊಂದದ ಅಧ್ಯಾಯವನ್ನು ಮಂಡನೆಯಲ್ಲಿ ಒಂದೇ ಮಾತಿನಲ್ಲಿ ದಾಟಿಸಿ. ಜಿಲ್ಲೆಯ ಭೌಗೋಳಿಕ ಹಿನ್ನೆಲೆ, ಹವಾಮಾನ, ನದಿಗಳು ಅನ್ನುವ ಎರಡನೇ ಅಧ್ಯಾಯ ನಮ್ಮಲ್ಲಿ ಸುಮಾರು ಪ್ರಬಂಧಗಳಿಗೆ ಕಡ್ಡಾಯ ಅನ್ನುವ ಹಾಗಾಗಿದೆ. ಅದನ್ನಂತೂ ಬಾಯಿಬಿಟ್ಟು ಓದಲೇಬೇಡಿ.

ಮೂರು ವಾಕ್ಯ ಬರೆಯಲು ಆಗುತ್ತಿಲ್ಲ ಅಂದರೆ ತೊಂದರೆ ಇರುವುದು ಪ್ರಬಂಧದಲ್ಲೇ. ಅದು ವೈವಾ ದಿನ ಗೊತ್ತಾಗುವ ಬದಲು ಕೊಲೊಕ್ವಿಯಂಗೆ ಒಂದು ತಿಂಗಳ ಮುಂಚೆ ಗೊತ್ತಾಗುವುದು ಒಳ್ಳೆಯದು.

ಹಂತ 3: ಶೀರ್ಷಿಕೆಯನ್ನು ಒಮ್ಮೆ ಪರೀಕ್ಷಕರ ಕಣ್ಣಿನಿಂದ ನೋಡಿ

ಮೊದಲ ಪ್ರಶ್ನೆ ಬಹಳ ಸಲ ಶೀರ್ಷಿಕೆಯ ಮೇಲೇ ಬರುತ್ತದೆ. ‘ಕರ್ನಾಟಕದಲ್ಲಿ ಬರಗಾಲ: ಒಂದು ಚಾರಿತ್ರಿಕ ಅಧ್ಯಯನ’ ಅಂತ ಇಟ್ಟಿದ್ದರೆ ಸಿಕ್ಕಿಬಿದ್ದ ಹಾಗೇ. 1876ರಲ್ಲಿ ಈಗಿನ ಕರ್ನಾಟಕ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ಆಗಿನ ಕಲಾದಗಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದವು. ಬಳ್ಳಾರಿ ಮದ್ರಾಸಿನಲ್ಲಿ, ಕಲಬುರಗಿ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿ. ಕೊಡಗಿನದು ಬೇರೆಯದೇ ಆಡಳಿತ. ಮೈಸೂರು 1831ರಿಂದ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು, ಒಡೆಯರಿಗೆ ಮರಳಿ ಸಿಕ್ಕಿದ್ದು 1881ರಲ್ಲಿ. ಒಂದೊಂದು ಕಡೆ ಒಂದೊಂದು ಥರ ದಾಖಲೆ, ಒಂದೊಂದು ಥರ ಪರಿಹಾರ ನೀತಿ. ‘ಧಾರವಾಡದ ದಾಖಲೆ ನೋಡಿದ್ದೀರಾ?’ ಅಂತ ಕೇಳಿದರೆ ಏನು ಹೇಳುತ್ತೀರಿ?

ಶೀರ್ಷಿಕೆ ಬದಲಿಸುವ ಅವಕಾಶ ಇದ್ದರೆ ಕೊಲೊಕ್ವಿಯಂ ಹೊತ್ತಿಗೆ ಬದಲಿಸಿ. ಅದಕ್ಕೆ ಸಮಿತಿಯ ಒಪ್ಪಿಗೆ, ಅರ್ಜಿ ಎಲ್ಲ ಬೇಕಾಗುತ್ತದೆ. ಬದಲಿಸಲು ಆಗದಿದ್ದರೆ ಮಂಡನೆಯ ಎರಡನೇ ನಿಮಿಷದಲ್ಲೇ ವ್ಯಾಪ್ತಿ ಹೇಳಿಬಿಡಿ: ‘ನನ್ನ ಅಧ್ಯಯನ ಮೈಸೂರು ಸಂಸ್ಥಾನದ ಕೋಲಾರ, ಚಿತ್ರದುರ್ಗ ಜಿಲ್ಲೆಗಳಿಗೆ ಸೀಮಿತ.’ ಜೊತೆಗೆ, ಆ ಎರಡೇ ಜಿಲ್ಲೆ ಯಾಕೆ ಅಂತಲೂ. ‘ನಮ್ಮೂರು ಅಲ್ಲೇ ಸರ್’ ಅನ್ನುವುದು ಕಾರಣ ಆಗುವುದಿಲ್ಲ, ಎಷ್ಟೇ ನಿಜವಾಗಿದ್ದರೂ.

ಹಂತ 4: ಒಂದು ದಾಖಲೆಯನ್ನು ಎಲ್ಲರೆದುರು ಬಿಡಿಸಿ ತೋರಿಸಿ

ಇಡೀ ಮಂಡನೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಭಾಗ ಇದು. ಹತ್ತು ದಾಖಲೆಗಳ ಹೆಸರು ಹೇಳುವ ಬದಲು ಒಂದೇ ದಾಖಲೆಯನ್ನು ತೆಗೆದುಕೊಂಡು ಅದರಿಂದ ನೀವು ಹೇಗೆ ತೀರ್ಮಾನಕ್ಕೆ ಬಂದಿರಿ ಅಂತ ನಾಲ್ಕೈದು ನಿಮಿಷ ತೋರಿಸಿ.

ಬರದ ಉದಾಹರಣೆಯನ್ನೇ ನೋಡಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50.5 ಲಕ್ಷ. 1881ರ ಗಣತಿಯಲ್ಲಿ ಸುಮಾರು 41.9 ಲಕ್ಷ. ಸ್ಲೈಡ್ ಮೇಲೆ ಈ ಎರಡು ಅಂಕಿ ಹಾಕಿ ‘ಬರದಲ್ಲಿ 8.6 ಲಕ್ಷ ಜನ ಸತ್ತರು’ ಅಂದುಬಿಟ್ಟರೆ ಒಳ್ಳೆಯ ಪರೀಕ್ಷಕರು ಅಲ್ಲೇ ತಡೆಯುತ್ತಾರೆ. ಕಳೆಯುವ ಲೆಕ್ಕ ಸರಿಯೇ ಇದೆ. ಆ ವ್ಯತ್ಯಾಸದ ಅರ್ಥ ಮಾತ್ರ ಅಷ್ಟು ಸುಲಭ ಅಲ್ಲ. 1871ರಿಂದ 1876ರವರೆಗೆ ಜನಸಂಖ್ಯೆ ಏರಿದ್ದರೆ ಸತ್ತವರು ಇನ್ನೂ ಜಾಸ್ತಿ. ಊರು ಬಿಟ್ಟು ಗಡಿಯಾಚೆ ಹೋಗಿ ಅಲ್ಲೇ ಉಳಿದವರಿದ್ದರೆ ಸತ್ತವರು ಅದಕ್ಕಿಂತ ಕಡಿಮೆ. ಬರದ ವರ್ಷಗಳಲ್ಲಿ ಹುಟ್ಟಬೇಕಿದ್ದ ಮಕ್ಕಳು ಹುಟ್ಟಲಿಲ್ಲ, ಅದೂ ಈ ವ್ಯತ್ಯಾಸದಲ್ಲಿ ಸೇರಿದೆ. ಎರಡೂ ಗಣತಿ ಒಂದೇ ಶಿಸ್ತಿನಲ್ಲಿ ನಡೆದವೇ ಅನ್ನುವುದು ಇನ್ನೊಂದು ಪ್ರಶ್ನೆ.

ಈ ನಾಲ್ಕು ಮಾತನ್ನು ಪರೀಕ್ಷಕರು ಕೇಳುವ ಮುಂಚೆ ನೀವೇ ಹೇಳಿ. ಆಮೇಲೆ, ‘ಹಾಗಾಗಿ ಒಟ್ಟು ಸಂಖ್ಯೆಯ ಮೇಲೆ ನಾನು ವಾದ ಕಟ್ಟಿಲ್ಲ. ಒಂದೇ ಗಣತಿ ವ್ಯವಸ್ಥೆಯೊಳಗೆ ರಸ್ತೆಗೆ ಹತ್ತಿರದ ತಾಲ್ಲೂಕನ್ನೂ ದೂರದ ತಾಲ್ಲೂಕನ್ನೂ ಹೋಲಿಸಿದ್ದೇನೆ’ ಅನ್ನಿ. ಆ ಕ್ಷಣಕ್ಕೆ ಕೋಣೆಯಲ್ಲಿ ಕೂತವರಿಗೆ ಈಕೆ ಇತಿಹಾಸದ ಕೆಲಸ ಕಲಿತಿದ್ದಾಳೆ ಅಂತ ಗೊತ್ತಾಗುತ್ತದೆ.

ಇನ್ನೊಂದು ದಾಖಲೆ, ಸಿ.ಎ. ಎಲಿಯಟ್ 1878ರಲ್ಲಿ ಬರೆದ ಮೈಸೂರು ಬರದ ವರದಿ. ಮಾಹಿತಿಯ ಗಣಿ. ಆದರೆ ಎಲಿಯಟ್ 1877ರಲ್ಲಿ ಬರ ಪರಿಹಾರದ ಕಮಿಷನರ್ ಆಗಿ ಬಂದವರು. ಪರಿಹಾರ ನಡೆಸಿದವರೇ ಪರಿಹಾರದ ಬಗ್ಗೆ ಬರೆದ ವರದಿ ಅದು. ತಾವು ಬರುವ ಮುಂಚಿನ ವ್ಯವಸ್ಥೆಯ ಬಗ್ಗೆ, ಬಂದ ನಂತರದ ವ್ಯವಸ್ಥೆಯ ಬಗ್ಗೆ ವರದಿಯ ದನಿ ಒಂದೇ ಥರ ಇದೆಯೇ? ಪ್ರಬಂಧದಲ್ಲಿ ಇದನ್ನು ಗಮನಿಸಿದ್ದರೆ ಮಂಡನೆಯಲ್ಲೂ ಹೇಳಿ. ಗಮನಿಸಿಲ್ಲದಿದ್ದರೆ ಈಗಲಾದರೂ ಆ ದೃಷ್ಟಿಯಿಂದ ಒಮ್ಮೆ ಓದಿ.

ಪ್ರಾಚೀನ ಇತಿಹಾಸದವರಿಗೆ ದಾಖಲೆ ಅಂದರೆ ಶಾಸನ. ಕಲ್ಲಿನಿಂದ ತೆಗೆದ ಅಚ್ಚಿನ ಚಿತ್ರ, ಪಕ್ಕದಲ್ಲಿ ಪಾಠ, ಕೆಳಗೆ ಹೊಸಗನ್ನಡ ಅರ್ಥ, ಮೂರೂ ಒಂದೇ ಸ್ಲೈಡಿನಲ್ಲಿ ಇರಲಿ. ಓದಲಾಗದ ಅಕ್ಷರಗಳನ್ನು ಯಾರು ಹೇಗೆ ತುಂಬಿದ್ದಾರೆ ಅಂತ ತೋರಿಸಿ. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾ ಬಳಸಿದ್ದರೆ ಯಾವ ಆವೃತ್ತಿ ಅಂತ ಹೇಳಲೇಬೇಕು. ಬಿ.ಎಲ್. ರೈಸ್ ಕಾಲದ ಸಂಪುಟಗಳ ಸಂಖ್ಯೆಗೂ ಮೈಸೂರಿನಿಂದ ಬಂದ ಪರಿಷ್ಕೃತ ಆವೃತ್ತಿಯ ಸಂಖ್ಯೆಗೂ ತಾಳೆಯಾಗುವುದಿಲ್ಲ. ಎರಡನ್ನೂ ಬೆರೆಸಿದ ಅಡಿಟಿಪ್ಪಣಿ ಪರೀಕ್ಷಕರ ಕಣ್ಣಿಗೆ ಬಿದ್ದರೆ ಉಳಿದ ಅಡಿಟಿಪ್ಪಣಿಗಳ ಮೇಲೂ ಅನುಮಾನ ಶುರುವಾಗುತ್ತದೆ.

ಹಂತ 5: ಸ್ಲೈಡ್, ಫಾಂಟ್, ಪ್ರೊಜೆಕ್ಟರ್

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡನ್ನು ವಿಭಾಗದ ಕಂಪ್ಯೂಟರಿನಲ್ಲಿ ತೆರೆದರೆ ಏನಾಗುತ್ತದೆ ಅಂತ ಎಲ್ಲರೂ ಕಂಡಿದ್ದೇವೆ. ಪರದೆ ತುಂಬ ಇಂಗ್ಲಿಷ್ ಅಕ್ಷರ, ಡಾಲರ್ ಚಿಹ್ನೆ. ಯುನಿಕೋಡಿಗೆ ಬದಲಿಸಿಕೊಂಡು, ಕೊನೆಯಲ್ಲಿ ಪಿಡಿಎಫ್ ಮಾಡಿ. ಪೆನ್‌ಡ್ರೈವ್‌ನಲ್ಲಿ ಒಂದು, ಮೇಲ್‌ನಲ್ಲಿ ಒಂದು ಪ್ರತಿ ಇರಲಿ. ಹಿಂದಿನ ದಿನವೇ ಸೆಮಿನಾರ್ ಹಾಲ್‌ಗೆ ಹೋಗಿ ಪ್ರೊಜೆಕ್ಟರಿಗೆ ಯಾವ ಕೇಬಲ್ ಬೇಕು ಅಂತ ನೋಡಿಕೊಳ್ಳಿ. ಕರೆಂಟ್ ಹೋದರೂ ಮಾತಾಡುವಷ್ಟು ಟಿಪ್ಪಣಿ ಕೈಯಲ್ಲಿರಲಿ. ನಕ್ಷೆ ಮತ್ತು ಮುಖ್ಯ ಕೋಷ್ಟಕವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಮಂಡಳಿಯವರ ಮುಂದಿಟ್ಟರೆ ಇನ್ನೂ ಒಳ್ಳೆಯದು.

ಪ್ಯಾರಾಗಟ್ಟಲೆ ಬರೆದ ಸ್ಲೈಡ್ ಬೇಡ. ನೀವು ಓದುವ ಮುಂಚೆ ಅವರು ಓದಿ ಮುಗಿಸಿರುತ್ತಾರೆ. ನಕ್ಷೆ, ದಾಖಲೆಯ ಫೋಟೊ, ಒಂದು ಕೋಷ್ಟಕ, ಒಂದು ಉಲ್ಲೇಖ, ಇಂಥವು ಸಾಕು. ಪತ್ರಾಗಾರದ ಫೋಟೊ ಹಾಕಿದರೆ ಮೂಲೆಯಲ್ಲಿ ಕಡತದ ಸಂಖ್ಯೆ ಬರೆಯಿರಿ. ನಕ್ಷೆ ಅಂತೂ ಬೇಕೇ ಬೇಕು. ಬರಹದಲ್ಲಿ ಬರುವ ಹೋಬಳಿ, ತಾಲ್ಲೂಕು ಹೆಸರುಗಳು ಎಕ್ಸ್‌ಟರ್ನಲ್‌ಗೆ ಗೊತ್ತಿರಲೇಬೇಕು ಅಂತೇನಿಲ್ಲ. ಆದರೆ ಈಗಿನ ಜಿಲ್ಲಾ ಗಡಿಯ ನಕ್ಷೆಯ ಮೇಲೆ 1876ರ ಅಂಕಿಅಂಶ ತುಂಬಬೇಡಿ.

ಹಂತ 6: ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಹೇಳಿ ನೋಡಿ

ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸ ಅಲ್ಲ. ಬಾಯಿಬಿಟ್ಟು ಹೇಳಿದಾಗಲೇ ಯಾವ ವಾಕ್ಯ ತೊಡರುತ್ತದೆ ಅಂತ ಗೊತ್ತಾಗುವುದು. ನಿಮಗೆ 20 ನಿಮಿಷ ಕೊಟ್ಟಿದ್ದರೆ 16 ನಿಮಿಷಕ್ಕೆ ತಯಾರಾಗಿ. ಸ್ವಾಗತ, ಮೈಕ್ ಸರಿಪಡಿಸುವುದು, ತಡವಾಗಿ ಬಂದ ಡೀನ್ ಅವರಿಗೆ ಎದ್ದು ನಿಲ್ಲುವುದು, ಇವೆಲ್ಲ ನಿಮ್ಮ ಸಮಯದಲ್ಲೇ ಹೋಗುತ್ತವೆ.

ಅಭ್ಯಾಸಕ್ಕೆ ಇಬ್ಬರನ್ನು ಕೂರಿಸಿಕೊಳ್ಳಿ. ಒಬ್ಬರು ನಿಮ್ಮ ವಿಷಯ ಗೊತ್ತಿರುವ ಸಹಪಾಠಿ, ಇನ್ನೊಬ್ಬರು ಇತಿಹಾಸ ಓದದವರು, ಮನೆಯವರಾದರೂ ಸರಿ. ಮೊದಲನೆಯವರು ತಪ್ಪು ಹಿಡಿಯುತ್ತಾರೆ, ಎರಡನೆಯವರು ಎಲ್ಲಿ ಅರ್ಥವಾಗಲಿಲ್ಲ ಅಂತ ಹೇಳುತ್ತಾರೆ.

ವೈವಾಗೆ ಮುಂಚೆ ಹೊರಗಡೆ ಒಂದೆರಡು ಸಲವಾದರೂ ಪ್ರಬಂಧ ಮಂಡಿಸಿ. ಕರ್ನಾಟಕ ಇತಿಹಾಸ ಅಕಾಡೆಮಿ, ದಕ್ಷಿಣ ಭಾರತ ಇತಿಹಾಸ ಕಾಂಗ್ರೆಸ್, 1935ರಲ್ಲಿ ಪುಣೆಯಲ್ಲಿ ಶುರುವಾದ ಭಾರತೀಯ ಇತಿಹಾಸ ಕಾಂಗ್ರೆಸ್, ಇವುಗಳ ಸಮ್ಮೇಳನಗಳಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೂ ಜಾಗ ಇದೆ. ಅಲ್ಲಿ ಸಮಯ ತುಂಬ ಕಡಿಮೆ. ಇಡೀ ಪ್ರಬಂಧ ತುಂಬಿಸಲು ಹೋಗದೆ ಒಂದು ದಾಖಲೆ, ಒಂದು ಮಾತು ಇಟ್ಟುಕೊಂಡು ಹೋಗಿ. ಸರ್ಟಿಫಿಕೇಟ್ ತೆಗೆದುಕೊಂಡು ಮಧ್ಯಾಹ್ನವೇ ಬಸ್ ಹತ್ತುವ ಚಾಳಿ ನಮ್ಮಲ್ಲಿ ಜಾಸ್ತಿ. ಸಂಜೆವರೆಗೆ ಕೂತರೆ, ನಾಳೆ ನಿಮ್ಮ ಪ್ರಬಂಧ ಓದಬಹುದಾದವರು ಎಂಥ ಪ್ರಶ್ನೆ ಕೇಳುತ್ತಾರೆ ಅಂತ ಕಿವಿಯಾರೆ ಕೇಳಬಹುದು.

ಹಂತ 7: ಪರೀಕ್ಷಕರ ವರದಿ ಬಂದ ಮೇಲೆ

ವರದಿಗಳಲ್ಲಿ ಪ್ರಶ್ನೆಗಳಿದ್ದರೆ ಅವು ವೈವಾಗೆ ಮುಂಚೆ ನಿಮ್ಮ ಕೈ ಸೇರುತ್ತವೆಯೇ ಅಂತ ಗೈಡ್ ಹತ್ತಿರ ಕೇಳಿಕೊಳ್ಳಿ. ಸೇರಿದರೆ ಒಂದೊಂದಕ್ಕೂ ಲಿಖಿತ ಉತ್ತರ ತಯಾರು ಮಾಡಿ, ಪುಟ ಸಂಖ್ಯೆ ಸಮೇತ.

ಆಮೇಲೆ ನಿಮ್ಮ ಪ್ರಬಂಧವನ್ನು ನೀವೇ ಮತ್ತೆ ಓದಿ. ಸಲ್ಲಿಸಿ ತಿಂಗಳುಗಳಾಗಿರುತ್ತವೆ. ಯಾವ ಅಧ್ಯಾಯದಲ್ಲಿ ಏನು ಬರೆದಿದ್ದೀರಿ ಅಂತ ನಿಮಗೇ ಮರೆತಿರುತ್ತದೆ. ಓದುತ್ತಾ ಹೋದಾಗ ಸಿಗುವ ಟೈಪಿಂಗ್ ತಪ್ಪು, ತಲೆಕೆಳಗಾದ ಇಸವಿ, ಗ್ರಂಥಋಣದಲ್ಲಿ ಬಿಟ್ಟುಹೋದ ಪುಸ್ತಕ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ವೈವಾ ಶುರುವಾದಾಗ ‘ಸರ್, ಸಲ್ಲಿಸಿದ ಮೇಲೆ ಇಷ್ಟು ತಪ್ಪು ಕಂಡಿವೆ’ ಅಂತ ಆ ತಿದ್ದುಪಡಿ ಪಟ್ಟಿಯನ್ನು ಕೊಟ್ಟರೆ ಅರ್ಧ ಗಂಟೆಯ ಕಾಗುಣಿತದ ಪಾಠ ತಪ್ಪುತ್ತದೆ. ಮಾತು ವಿಷಯದ ಕಡೆ ಹೋಗುತ್ತದೆ.

ಕೃತಿಚೌರ್ಯ ತಪಾಸಣೆಯ ವರದಿಯೂ ಕೈಯಲ್ಲಿರಲಿ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಆಕರ ಹೇಳಿ ಕೊಟ್ಟ ಉಲ್ಲೇಖಗಳೂ ಗ್ರಂಥಋಣವೂ ಆ ಲೆಕ್ಕಕ್ಕೆ ಬರುವುದಿಲ್ಲ. ಶಾಸನಪಾಠ, ವರದಿಯ ಉಲ್ಲೇಖ ಜಾಸ್ತಿ ಇರುವ ಇತಿಹಾಸದವರಿಗೆ ಇದು ಗೊತ್ತಿರಬೇಕು. ಉದ್ಧರಣ ಚಿಹ್ನೆ ಹಾಕುವುದನ್ನು ಮರೆತರೆ ಮಾತ್ರ ಯಾರೂ ಕಾಪಾಡುವುದಿಲ್ಲ.

ಹಂತ 8: ಪ್ರಶ್ನೆಗಳು, ಉತ್ತರಗಳು

ಪ್ರಶ್ನೆ ಬಂದ ತಕ್ಷಣ ಬಾಯಿ ತೆರೆಯಬೇಡಿ. ಬರೆದುಕೊಳ್ಳಿ. ಬರೆದುಕೊಳ್ಳುವ ಹೊತ್ತಿನಲ್ಲಿ ತಲೆ ಕೆಲಸ ಮಾಡುತ್ತದೆ. ಪ್ರಶ್ನೆ ಉದ್ದವಾಗಿದ್ದರೆ ‘ಸರ್, ತಾವು ಕೇಳಿದ್ದು ಇದು ತಾನೇ?’ ಅಂತ ಒಮ್ಮೆ ಖಚಿತ ಮಾಡಿಕೊಳ್ಳಿ. ಉತ್ತರವನ್ನು ಮೊದಲ ವಾಕ್ಯದಲ್ಲೇ ಹೇಳಿ, ಕಾರಣ ಆಮೇಲೆ. ಪೀಠಿಕೆ ಹಾಕುತ್ತಾ ಹೋದರೆ ಉತ್ತರ ಗೊತ್ತಿಲ್ಲ ಅಂತಲೇ ಅಂದುಕೊಳ್ಳುತ್ತಾರೆ.

ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ.

‘ಇದರಲ್ಲಿ ಹೊಸದೇನಿದೆ?’ ಹಂತ 2ರ ಎರಡನೇ ವಾಕ್ಯವೇ ಇದಕ್ಕೆ ಉತ್ತರ. ‘ಈ ವಿಷಯದ ಮೇಲೆ ಯಾರೂ ಕೆಲಸ ಮಾಡಿಲ್ಲ’ ಅನ್ನಬೇಡಿ. ಪರೀಕ್ಷಕರೇ ಮಾಡಿರಬಹುದು.

‘ಈ ಪುಸ್ತಕ ನೋಡಿದ್ದೀರಾ?’ ನೋಡಿಲ್ಲದಿದ್ದರೆ ‘ನೋಡಿಲ್ಲ ಮೇಡಂ’ ಅನ್ನಿ. ಅಷ್ಟೇ. ಹೆಸರು ಬರೆದುಕೊಂಡು, ಅದರಲ್ಲಿರುವ ವಾದ ನಿಮ್ಮ ವಾದವನ್ನು ಎಲ್ಲಿ ಮುಟ್ಟಬಹುದು ಅಂತ ಅವರನ್ನೇ ಕೇಳಿ. ನೋಡಿದ ಹಾಗೆ ತಲೆಯಾಡಿಸಿದರೆ ಮುಂದಿನ ಪ್ರಶ್ನೆ ಅದರ ಮೂರನೇ ಅಧ್ಯಾಯದ ಮೇಲೆ ಬರುತ್ತದೆ.

‘ಯಾವ ಸಿದ್ಧಾಂತ ಬಳಸಿದ್ದೀರಿ?’ ಪೀಠಿಕೆಯಲ್ಲಿ ಸಬಾಲ್ಟರ್ನ್ (ತಳಸಮುದಾಯದವರ ಕಡೆಯಿಂದ ಇತಿಹಾಸ ನೋಡುವ ಸಿದ್ಧಾಂತ) ಅಂತ ಒಂದು ಪುಟ ಬರೆದು, ಉಳಿದ ಅಧ್ಯಾಯಗಳಲ್ಲಿ ಅದರ ಸುಳಿವೇ ಇಲ್ಲದ ಪ್ರಬಂಧಗಳನ್ನು ಪರೀಕ್ಷಕರು ಬೇಕಾದಷ್ಟು ನೋಡಿರುತ್ತಾರೆ. ಬಳಸಿದ್ದರೆ ಯಾವ ಪುಟದಲ್ಲಿ ಅದು ನಿಮ್ಮ ಓದನ್ನು ಬದಲಿಸಿತು ಅಂತ ಹೇಳಿ. ಬಳಸಿಲ್ಲದಿದ್ದರೆ ನಿಮ್ಮ ವಿಧಾನವನ್ನು ಸರಳವಾಗಿ ವಿವರಿಸಿ.

‘ಮೌಖಿಕ ಆಕರಗಳನ್ನು ಹೇಗೆ ನಂಬಿದಿರಿ?’ ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ನಮ್ಮ ಸಂಶೋಧಕಿ ಚಿತ್ರದುರ್ಗದ ಕಡೆ ಹಿರಿಯರೊಬ್ಬರನ್ನು ಮಾತಾಡಿಸಿ, ‘ಈಶ್ವರ ಬರದಲ್ಲಿ ನಮ್ಮ ವಂಶದವರು ಗುಳೆ ಹೋದರಂತೆ’ ಅನ್ನುವ ಮಾತನ್ನು ದಾಖಲಿಸಿದ್ದಾಳೆ. ಪರೀಕ್ಷಕರು ಕೇಳುತ್ತಾರೆ: ‘ಅಲ್ಲಮ್ಮ, ಈಶ್ವರ ಅನ್ನೋದು ಸಂವತ್ಸರದ ಹೆಸರು. ಅರವತ್ತು ವರ್ಷಕ್ಕೊಮ್ಮೆ ಬರುತ್ತೆ. 1877–78 ಅಂತಲೇ ಹೇಗೆ ಹೇಳ್ತೀರಿ? 1937–38ರಲ್ಲೂ ಈಶ್ವರ ಬಂದಿತ್ತಲ್ಲ?’

ಪ್ರಶ್ನೆ ನ್ಯಾಯವಾದದ್ದೇ. ‘ಎಲ್ಲರೂ ಹಾಗೇ ಹೇಳ್ತಾರೆ ಸರ್’ ಅಂದರೆ ಮುಗಿಯಿತು. ಒಳ್ಳೆಯ ಉತ್ತರ ಹೀಗಿರಬಹುದು: ಆ ಹಿರಿಯರು ‘ಧಾತು ಬರ, ಈಶ್ವರ ಬರ’ ಅಂತ ಎರಡನ್ನೂ ಜೋಡಿಸಿ ಹೇಳಿದರು. ಸತತ ಎರಡು ವರ್ಷದ ಬರ 1876–78ಕ್ಕೆ ಹೊಂದುತ್ತದೆ. ಎಷ್ಟು ತಲೆಮಾರಿನ ಹಿಂದಿನ ಮಾತು ಅಂತ ಕೇಳಿದ್ದೇನೆ, ಆ ಲೆಕ್ಕವೂ ಕೂಡುತ್ತದೆ. ಇಷ್ಟಾದರೂ ಇದನ್ನು ವಲಸೆಯ ನೆನಪಿಗೆ ಮಾತ್ರ ಆಧಾರವಾಗಿ ಬಳಸಿದ್ದೇನೆ, ಸಂಖ್ಯೆಗೆ ಅಲ್ಲ. ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ, ಅದಕ್ಕೆ ತಕ್ಕ ಹಾಗೆ ಎಷ್ಟು ಬಳಸಿದೆ, ಮೂರೂ ಇಲ್ಲಿವೆ.

ಶಕ ವರ್ಷ ಇರುವ ಶಾಸನವೋ ಕಡತವೋ ಆದರೆ ಇದೇ ಥರದ ಇನ್ನೊಂದು ಗುಂಡಿ. 78 ಸೇರಿಸಿದರೆ ಇಸವಿ ಬಂತು ಅಂತ ಸುಮ್ಮನಾಗಬೇಡಿ. ಮಾಘ, ಫಾಲ್ಗುಣದ ತಿಥಿಯಾದರೆ 79 ಸೇರಿಸಬೇಕಾಗುತ್ತದೆ. ಕೊಟ್ಟಿರುವುದು ಗತ, ಅಂದರೆ ಮುಗಿದುಹೋದ ವರ್ಷವೋ ನಡೆಯುತ್ತಿರುವ ವರ್ಷವೋ ಅಂತಲೂ ನೋಡಬೇಕು. ಸಂವತ್ಸರದ ಹೆಸರು, ವಾರ ಇದ್ದರೆ ತಾಳೆ ಹಾಕಿ. ಇಂಥ ಒಂದು ಲೆಕ್ಕವನ್ನು ವೈವಾದಲ್ಲಿ ಬೋರ್ಡಿನ ಮೇಲೆ ಮಾಡಿ ತೋರಿಸಿ ಅಂತ ಕೇಳಿದರೂ ಆಶ್ಚರ್ಯ ಪಡಬೇಡಿ.

ಇನ್ನು ಪರೀಕ್ಷಕರೇ ತಪ್ಪಾಗಿ ಹೇಳಿದರೆ? ಆಗುತ್ತದೆ. ಸುಮ್ಮನೆ ಒಪ್ಪಿಕೊಳ್ಳುವುದೂ ಬೇಡ, ಜಗಳಕ್ಕೂ ಇಳಿಯಬೇಡಿ. ‘ಸರ್, ನಾನು ನೋಡಿದ ಕಡತದಲ್ಲಿ ಹೀಗಿದೆ, ಪುಟ ಇಲ್ಲಿದೆ’ ಅಂತ ದಾಖಲೆಯನ್ನು ಮುಂದಿಡಿ. ಗೌರವ ಮಾತಿನಲ್ಲಿರಲಿ, ಬಲ ದಾಖಲೆಯಲ್ಲಿರಲಿ. ನಿಮ್ಮ ಪರವಾಗಿ ಗೈಡ್ ಉತ್ತರ ಕೊಡಲು ಶುರು ಮಾಡಿದರೆ ಅದು ಅವರ ಪ್ರೀತಿ. ಅವರು ಉಸಿರು ತೆಗೆದುಕೊಂಡಾಗ ‘ಸರ್ ಹೇಳಿದ ಹಾಗೆ...’ ಅಂತ ಮಾತನ್ನು ಮತ್ತೆ ನಿಮ್ಮ ಕೈಗೆ ತೆಗೆದುಕೊಳ್ಳಿ. ಪದವಿ ನಿಮ್ಮದು, ಉತ್ತರವೂ ನಿಮ್ಮದೇ ಆಗಿರಬೇಕು.

ಕನ್ನಡದಲ್ಲಿ ಬರೆದ ಪ್ರಬಂಧಕ್ಕೆ ಎಕ್ಸ್‌ಟರ್ನಲ್ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಹೆದರಬೇಡಿ. ಅರ್ಥ ಮಾಡಿಕೊಂಡು ಕನ್ನಡದಲ್ಲೇ ಉತ್ತರಿಸಬಹುದೇ ಅಂತ ಕೇಳಿ, ಉತ್ತರಿಸಿ. ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿ ಒಳ್ಳೆಯ ವಾದ ಕೆಡಿಸಿಕೊಂಡವರು ಬಹಳ ಮಂದಿ.

ಕೇಳಲು ಬಂದ ಸಂಶೋಧಕರಿಗೂ ಒಂದು ಮಾತು. ನಿಯಮದಲ್ಲಿ ನಿಮಗೂ ಜಾಗ ಇದೆ. ಬಿಸ್ಕತ್ತು, ಕಾಫಿ ಬರುವವರೆಗೆ ಮೌನವಾಗಿ ಕೂರಬೇಡಿ. ಒಂದು ಸಣ್ಣ, ನಿಜವಾದ ಪ್ರಶ್ನೆ ಕೇಳಿ: ‘ಆ ಕಡತ ಎಲ್ಲಿ ಸಿಕ್ಕಿತು?’ ಅಂದರೂ ಸಾಕು. ಗೆಳತಿಯನ್ನು ಹೊಗಳಲು ಮೈಕ್ ತೆಗೆದುಕೊಳ್ಳುವುದು ಪ್ರಶ್ನೆ ಅಲ್ಲ.

ಹಂತ 9: ಆ ದಿನ

ಪ್ರಬಂಧದ ಪ್ರತಿಗೆ ಬಣ್ಣದ ಚೀಟಿ ಅಂಟಿಸಿ ತನ್ನಿ, ಅಧ್ಯಾಯಕ್ಕೊಂದು ಬಣ್ಣ. ಮುಖ್ಯ ಕೋಷ್ಟಕ, ನಕ್ಷೆ, ವಿವಾದ ಇರುವ ಪುಟಗಳಿಗೆ ಬೇರೆ ಚೀಟಿ. ‘ಪುಟ 143 ತೆಗೀರಿ’ ಅಂದಾಗ ತಡಕಾಡಬಾರದು. ಮುಖ್ಯ ದಾಖಲೆಗಳ ಜೆರಾಕ್ಸ್ ಒಂದು ಫೈಲಿನಲ್ಲಿರಲಿ. ಪೆನ್ನು, ಬಿಳಿ ಹಾಳೆ, ನೀರು.

ಸಾಮಾನ್ಯವಾಗಿ ಚೇರ್‌ಮನ್ ಸ್ವಾಗತ, ಗೈಡ್ ಪರಿಚಯ, ನಿಮ್ಮ ಮಂಡನೆ, ಎಕ್ಸ್‌ಟರ್ನಲ್ ಪ್ರಶ್ನೆ, ಸಭೆಯ ಪ್ರಶ್ನೆ, ಆಮೇಲೆ ಮಂಡಳಿ ಒಳಗೆ ಕೂತು ವರದಿಗೆ ಸಹಿ, ಕೊನೆಗೆ ಶಿಫಾರಸಿನ ಘೋಷಣೆ. ಅಲ್ಲಿಂದ ಕಡತ ವಿಶ್ವವಿದ್ಯಾಲಯಕ್ಕೆ ಹೋಗಿ ಅಧಿಸೂಚನೆ ಬಂದ ಮೇಲಷ್ಟೇ ಹೆಸರಿನ ಹಿಂದೆ ಡಾ. ಸೇರುವುದು. ಹಾಲ್‌ನಿಂದ ಹೊರಗೆ ಬಂದ ಅರ್ಧ ಗಂಟೆಯಲ್ಲಿ ವಾಟ್ಸಾಪ್ ತುಂಬ ‘ಡಾ.’ ಹರಿದಾಡುತ್ತದೆ, ಅದನ್ನು ತಡೆಯಲು ಯಾರಿಂದಲೂ ಆಗದು.

ಶಾಲು, ಹಾರ, ಪೇಟ, ಊಟದ ಬಗ್ಗೆಯೂ ಹೇಳಿಬಿಡುತ್ತೇನೆ. ಯಾವ ನಿಯಮದಲ್ಲೂ ಇವು ಇಲ್ಲ. ಫೆಲೋಶಿಪ್ ಇಲ್ಲದೆ ಓದಿದವರು ಸಾಲ ಮಾಡಿ ಇಡೀ ವಿಭಾಗಕ್ಕೆ ಹೋಳಿಗೆ ಊಟ ಹಾಕಿಸುವುದು ನೋಡಿದರೆ ಸಂಕಟವಾಗುತ್ತದೆ. ಪ್ರೀತಿಯಿಂದ ಮಾಡುವವರು ಮಾಡಲಿ. ಆದರೆ ಮಾಡದವರನ್ನು ಯಾರೂ ಕೀಳಾಗಿ ನೋಡಬಾರದು, ಮುಖ್ಯವಾಗಿ ಮೇಜಿನ ಆ ಕಡೆ ಕೂತವರು.

ಹಂತ 10: ತಿದ್ದುಪಡಿ, ಶೋಧಗಂಗಾ

ಪ್ರಶ್ನೆ ಬರೆದುಕೊಂಡ ಹಾಳೆ ಇದೆಯಲ್ಲ, ಅದನ್ನು ಅಂದೇ ರಾತ್ರಿ ತೆಗೆದು, ಯಾರು ಏನು ಹೇಳಿದರು ಅಂತ ತುಂಬಿಸಿ ಬರೆಯಿರಿ. ಪ್ರಬಂಧವನ್ನು ಪುಸ್ತಕ ಮಾಡುವಾಗ ಇದೇ ಕೆಲಸದ ಪಟ್ಟಿ. ಮಂಡಳಿ ಕಡ್ಡಾಯವಾಗಿ ತಿದ್ದಬೇಕು ಅಂದದ್ದು ಬೇರೆ, ಸಲಹೆ ಅಂದದ್ದು ಬೇರೆ. ಯಾವುದು ಯಾವುದು ಅಂತ ಗೈಡ್ ಹತ್ತಿರ ಕೇಳಿ, ಕಡ್ಡಾಯದ್ದನ್ನು ಮೊದಲು ಮುಗಿಸಿ.

ಪದವಿ ಘೋಷಣೆಗೆ ಮುಂಚೆ ಪ್ರಬಂಧದ ಇಲೆಕ್ಟ್ರಾನಿಕ್ ಪ್ರತಿ ಯುಜಿಸಿಯ ಗ್ರಂಥಾಲಯ ಜಾಲದ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ಗೆ ಹೋಗಬೇಕು. ಅದು ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಅಧ್ಯಾಯವಾರು ಪಿಡಿಎಫ್ ಆಗಿ ನಿಲ್ಲುತ್ತದೆ, ಜಗತ್ತಿನ ಯಾವ ಮೂಲೆಯಿಂದಲೂ ಓದಬಹುದು. ಇಲ್ಲಿ ಅವಸರ ಬೇಡ. ಹಳೆಯ ನುಡಿ ಫಾಂಟಿನಲ್ಲೇ ಪಿಡಿಎಫ್ ಮಾಡಿದರೆ ಒಳಗಿನ ಪಠ್ಯವನ್ನು ಕನ್ನಡದಲ್ಲಿ ಹುಡುಕಲು ಆಗುವುದಿಲ್ಲ, ಯುನಿಕೋಡಿಗೆ ಬದಲಿಸಿಯೇ ಮಾಡಿ. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು, ಶಾಸನಪಾಠದ ಪುಟಗಳನ್ನು ಕಣ್ಣಿಟ್ಟು ನೋಡಿ. ಶೀರ್ಷಿಕೆ ಮತ್ತು ಮುಖ್ಯ ಪದಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೊಡಿ. ಊರ ಹೆಸರು ಹಳೆಯ ಕಾಗುಣಿತದಲ್ಲೂ ಇರಲಿ. ಚಿತ್ರದುರ್ಗವನ್ನು ಹುಡುಕುವ ಇನ್ನೊಬ್ಬ ಸಂಶೋಧಕರು ಚಿತಲ್‌ದ್ರೂಗ್ ಅಂತ ಟೈಪ್ ಮಾಡಬಹುದು.